ಇಂಡಿಕೇಟರ್ ಹಾಕಿದ್ರೆ ಟೇಲ್ ಲೈಟ್ ಮಂಕು: ಕಾರವಾರದ ಒಂದು ಕಾರಿನ ಎಲ್‌ಇಡಿ ಪ್ರಕರಣ

ಗಾಡಿ 2012ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಎ-30 ನಂಬರು. ಓನರ್ ಕಾರವಾರದವ್ರು, ಹೆಂಡ್ತಿ ಮನೆ ಸಿರ್ಸಿ ಕಡೆ, ಹಾಗಾಗಿ ಕುಮಟಾ ಮೇಲೆ ಹೋಗಿ ದೇವಿಮನೆ ಘಟ್ಟ ಹತ್ತಿಳಿಯೋದು ಇವ್ರಿಗೆ ಮಾಮೂಲು. ಬೇಸಿಗೇಲಿ ಹಿಂದಿನ ಎರಡೂ ಲೈಟ್ ತೆಗ್ಸಿ ಪೂರ್ತಿ ಎಲ್‌ಇಡಿ ಸೆಟ್ ಹಾಕಿಸ್ಕೊಂಡ್ರು, ಊರಾಚೆ ಒಂದು ಎಕ್ಸೆಸರೀಸ್ ಅಂಗಡೀಲಿ. ಪಾರ್ಕಿಂಗ್ (ಅಂದ್ರೆ ಹಿಂದೆ ಕೆಂಪಗೆ ಉರಿಯೋ ಟೇಲ್ ಲೈಟ್), ಬ್ರೇಕ್, ಇಂಡಿಕೇಟರ್ ಮೂರೂ ಎಲ್‌ಇಡಿ, ರಿವರ್ಸ್ ಮಾತ್ರ ಹಳೇ ತರ 21 ವ್ಯಾಟ್ ಬಲ್ಬು, ಎರಡೂ ಕಡೆ ಒಂದೊಂದು. ಮಳೆಗಾಲ ಶುರು ಆಗೋವರ್ಗೂ ಒಂದು ತಕರಾರೂ ಇಲ್ಲ.

ಜುಲೈಲಿ ಒಂದಿನ ಸಂಜೆ ಘಟ್ಟ ಇಳಿದು ಕತಗಾಲದ ಹತ್ರ ಚಾ ಕುಡಿಯೋಕೆ ನಿಲ್ಸಿದಾಗ ಹಿಂದಿಂದ ಬರ್ತಿದ್ದ ಬಸ್ಸಿನ ಡ್ರೈವರ್ ಇಳ್ದು ಬಂದು ಹೇಳಿದ್ರಂತೆ, ನೀವು ಲೆಫ್ಟ್ ಇಂಡಿಕೇಟರ್ ಹಾಕಿದ್ರೆ ಆ ಕಡೆ ಕೆಂಪು ಲೈಟ್ ಹೋಗ್ತದೆ ಬರ್ತದೆ, ಮಂಜಲ್ಲಿ ನಿಮ್ಮ ಗಾಡಿ ಅರ್ಧವೇ ಕಾಣೋದು ಅಂತ. ಆ ಡ್ರೈವರ್ ಯಾರೋ ಗೊತ್ತಿಲ್ಲ, ಆದ್ರೆ ಅವ್ರು ಮಾಡಿದ್ದು ದೊಡ್ಡ ಉಪಕಾರ, ಯಾಕಂದ್ರೆ ಹಿಂದಿನ ಲೈಟ್ ಕೆಟ್ಟಿದ್ದು ಗಾಡಿ ಓಡ್ಸೋನಿಗೆ ಗೊತ್ತೇ ಆಗಲ್ಲ, ಹಿಂದೆ ಬರೋರು ಹೇಳ್ಬೇಕು. ದೇವಿಮನೆಲಿ ಮಳೆ ಹಿಡಿದು ಮೋಡ ರಸ್ತೆಗೇ ಇಳಿದ್ರೆ ಮುಂದಿನ ಗಾಡಿ ಅಂತ ಕಾಣೋದೇ ಆ ಎರಡು ಕೆಂಪು ಚುಕ್ಕಿ, ಎರಡರ ಮಧ್ಯದ ಅಂತರ ನೋಡೇ ಹಿಂದಿನವ್ರು ದೂರ ಅಂದಾಜು ಮಾಡೋದು, ಅದ್ರಲ್ಲಿ ಒಂದು ಹೋದ್ರೆ ಕಾರೋ ಬೈಕೋ ಗೊತ್ತಾಗಲ್ಲ.

ನನ್ನ ಹತ್ರ ಗಾಡಿ ಬರೋಷ್ಟೊತ್ತಿಗೆ ಕಂಪ್ಲೇಂಟ್ ಇಷ್ಟಿತ್ತು. ಲೆಫ್ಟ್ ಇಂಡಿಕೇಟರ್ ಮಿನುಗಿದಾಗೆಲ್ಲ ಲೆಫ್ಟ್ ಟೇಲ್ ಲೈಟ್ ಮಂಕಾಗೋದು. ರಿವರ್ಸ್ ಗೇರ್ ಹಾಕಿದ್ರೆ ಆ ಟೇಲ್ ಲೈಟ್ ಪೂರ್ತಿ ಆಫ್. ಮೂರನೇದು, ಎಲ್ಲಕ್ಕಿಂತ ತಲೆ ತಿಂದಿದ್ದು, ಪಾರ್ಕಿಂಗ್ ಲೈಟ್ ಆನ್ ಮಾಡಿದ್ರೆ ಬ್ರೇಕ್ ತುಳಿಯದೇನೇ ಬ್ರೇಕಿನ ಎಲ್‌ಇಡಿ ಸಣ್ಣಗೆ ಉರಿಯೋದು, ಅದೂ ಎರಡೂ ಕಡೆ, ಮೇಲೆ ಗಾಜಿನ ಹತ್ರ ಇರೋ ಮೂರನೇ ಬ್ರೇಕ್ ಲೈಟೂ ಸೇರಿ.

ಅದಕ್ಕೆ ಮುಂಚೆ ಬೇರೆ ಕಡೆ ಆಗಿದ್ದ ಕೆಲ್ಸ: ಲೆಫ್ಟ್ ಲ್ಯಾಂಪೇ ಹಾಳು ಅಂತ ಅಂಗಡಿಯವ್ರು ಹೊಸದು ಬದಲಾಯಿಸಿಕೊಟ್ರು, ಹೊಸದೂ ಅದೇ ಕತೆ. ಬ್ರೇಕ್ ಸ್ವಿಚ್ ಅಂಟ್ಕೊಂಡಿದೆ ಅಂತ ಪೆಡಲ್ ಹತ್ರದ ಸ್ವಿಚ್ ಚೇಂಜ್ ಆಯ್ತು, ಏನೂ ಬದಲಾಗ್ಲಿಲ್ಲ. ಅರ್ತಿಂಗ್, ಅಂದ್ರೆ ಕರೆಂಟ್ ಗಾಡಿ ಬಾಡಿ ಮೂಲಕ ಬ್ಯಾಟರಿ ನೆಗೆಟಿವ್ ಕಡೆ ವಾಪಸ್ ಹೋಗೋ ದಾರಿ, ನೋಡಿದ್ರಾ ಅಂತ ಕೇಳಿದ್ದಕ್ಕೆ ಹೌದು ಮೀಟರ್ ಇಟ್ಟು ನೋಡಿದ್ರು ಬೀಪ್ ಬಂತು ಅಂದ್ರು. ಈ ಬೀಪ್ ಬಗ್ಗೆನೇ ನಾನು ಇದನ್ನ ಬರೀತಿರೋದು ಅಂದ್ರೂ ತಪ್ಪಿಲ್ಲ.

ಮೊದ್ಲು ಅಂಗಡಿಯವ್ರು ಏನು ಮಾಡಿದ್ರು ಅಂತ ತಿಳ್ಕೊಬೇಕು. ಹಳೇ ಗಾಡಿಗಳಲ್ಲಿ ಇಂಡಿಕೇಟರ್ ಫ್ಲಾಶರ್ ರಿಲೇ ಅನ್ನೋದು ಹರಿಯೋ ಕರೆಂಟ್ ಲೆಕ್ಕ ಇಟ್ಕೊಂಡು ಮಿನುಗ್ಸುತ್ತೆ. 21 ವ್ಯಾಟ್ ಬಲ್ಬು 12 ವೋಲ್ಟಲ್ಲಿ ಹತ್ತತ್ರ 1.75 ಆಂಪ್ ಎಳೀತದೆ, ಎಲ್‌ಇಡಿ ಅದರ ಹತ್ತನೇ ಒಂದು ಭಾಗದಷ್ಟೂ ಎಳೀದೇ ಇರ್ಬಹುದು. ಕರೆಂಟ್ ಕಮ್ಮಿ ಆದ ಕೂಡ್ಲೇ ರಿಲೇಗೆ ಬಲ್ಬ್ ಹೋಗಿದೆ ಅನ್ಸಿ ಡಬಲ್ ಸ್ಪೀಡಲ್ಲಿ ಮಿನುಗೋಕೆ ಶುರು ಮಾಡುತ್ತೆ. ನಿಯಮದ ಪ್ರಕಾರ ನಿಮಿಷಕ್ಕೆ 60ರಿಂದ 120 ಸಲದ ಒಳಗಿರ್ಬೇಕು, ಇದು ದಾಟಿ ಹೋಗ್ತದೆ. ಅದಕ್ಕೆ ಅಂಗಡಿಯವ್ರ ಔಷಧಿ ಅಂದ್ರೆ ಲೋಡ್ ರೆಸಿಸ್ಟರ್, ಬಂಗಾರದ ಬಣ್ಣದ ಅಲ್ಯೂಮಿನಿಯಂ ಮೈ ಇರೋ 6 ಓಮ್ 50 ವ್ಯಾಟಿಂದು, ಇಂಡಿಕೇಟರ್ ವೈರಿಂದ ಅರ್ತಿಂಗ್ ವೈರಿಗೆ ಅಡ್ಡ ಹಾಕೋದು. ಅಂದ್ರೆ ಉಳಿಸಿದ ಕರೆಂಟನ್ನ ಬೇಕಂತಲೇ ಬಿಸಿ ಮಾಡಿ ಸುಡೋದು. ಎಂಜಿನ್ ಓಡ್ತಾ 14 ವೋಲ್ಟ್ ಇದ್ರೆ ಆ ರೆಸಿಸ್ಟರ್ ಆನ್ ಇರೋ ಕ್ಷಣದಲ್ಲಿ 32 ವ್ಯಾಟ್ ಮೇಲೆ ತಿನ್ನುತ್ತೆ, ಮಿನುಗೋದ್ರಿಂದ ಸರಾಸರಿ ಅರ್ಧ ಆಗ್ಬಹುದು ಆದ್ರೂ ಘಟ್ಟದಲ್ಲಿ ಹಜಾರ್ಡ್ ಹಾಕ್ಕೊಂಡು ಕಾಲು ಗಂಟೆ ನಿಂತ್ರೆ ಕೈ ಇಡೋಕಾಗಲ್ಲ. ಇದನ್ನ ಬಾಡಿ ತಗಡಿಗೆ ಬೋಲ್ಟ್ ಹಾಕಿ ಕೂರಿಸ್ಬೇಕು. ಈ ಗಾಡೀಲಿ ಡಿಕ್ಕಿ ಒಳಗಿನ ಪ್ಲಾಸ್ಟಿಕ್ ಟ್ರಿಮ್ಮಿಗೆ ಡಬಲ್ ಟೇಪಲ್ಲಿ ಅಂಟ್ಸಿದ್ರು, ಟ್ರಿಮ್ ಬಿಚ್ಚಿದ್ರೆ ಪ್ಲಾಸ್ಟಿಕ್ ಕರಗಿ ಕುಳಿ ಬಿದ್ದಿತ್ತು, ಪಕ್ಕದಲ್ಲೇ ಕಾರ್ಪೆಟ್. ಇದು ಬೆಂಕಿಗೆ ಹತ್ರದ ಕೆಲಸ, ದಯವಿಟ್ಟು ಯಾರೂ ಮಾಡ್ಬೇಡಿ, ಮಾಡೋಕೆ ಬಿಡ್ಲೂಬೇಡಿ.

ಈಗ ಪರೀಕ್ಷೆ. ಮೀಟರಿನ ಕಪ್ಪು ತುದಿಗೆ ಉದ್ದ ವೈರ್ ಹಾಕಿ ಬ್ಯಾಟರಿ ನೆಗೆಟಿವ್ ಪೋಸ್ಟಿಗೆ ಕಚ್ಚಿಸ್ದೆ, ಕೆಂಪು ತುದಿ ಲೆಫ್ಟ್ ಲ್ಯಾಂಪಿನ ಅರ್ತಿಂಗ್ ಪಿನ್ನಿಗೆ. ಮೊದ್ಲು ಎಲ್ಲಾ ಆಫ್ ಇಟ್ಟು ಓಮ್ಸಲ್ಲಿ (ದಾರೀಲಿ ಎಷ್ಟು ತಡೆ ಇದೆ ಅಂತ) ನೋಡಿದ್ರೆ ಸುಮಾರು ಒಂದು ಓಮ್, ಮೀಟರ್ ಬೀಪ್ ಹೊಡೀತು. ಹೆಚ್ಚಿನ ಮೀಟರ್‌ಗಳು ಮೂವತ್ತು ನಲವತ್ತು ಓಮ್ ಇದ್ರೂ ಬೀಪ್ ಹೊಡಿತಾವೆ, ಬೀಪ್ ಅಂದ್ರೆ ಎಲ್ಲೋ ಒಂದು ದಾರಿ ಇದೆ ಅಂತ ಅಷ್ಟೇ, ಆ ದಾರೀಲಿ ಎರಡು ಆಂಪ್ ನಡೆದು ಹೋಗ್ತದಾ ಅಂತ ಅದು ಹೇಳಲ್ಲ.

ಆಮೇಲೆ ಮೀಟರನ್ನ ಡಿಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಆಫ್, ಬ್ಯಾಟರಿ 12.4, ಪಾರ್ಕಿಂಗ್ ಆನ್ ಇಟ್ಟು ಬ್ರೇಕ್ ತುಳಿಸ್ದೆ. 0.3 ವೋಲ್ಟ್. ಒಳ್ಳೆ ಅರ್ತಿಂಗಲ್ಲಿ 0.1 ದಾಟ್ಬಾರ್ದು, ಆದ್ರೂ ಅವಸರದಲ್ಲಿ ನೋಡಿದ್ರೆ ಪರ್ವಾಗಿಲ್ಲ ಅನ್ನಿಸೋ ನಂಬರ್ ಇದು. ಲೆಫ್ಟ್ ಇಂಡಿಕೇಟರ್ ಹಾಕಿದ್ರೆ ಪ್ರತಿ ಮಿನುಗಿಗೂ 3.9ಕ್ಕೆ ಹಾರ್ತಿತ್ತು. ರಿವರ್ಸ್ ಗೇರ್ ಹಾಕಿದ್ರೆ 6 ವೋಲ್ಟ್ ದಾಟ್ತು. ರೈಟ್ ಸೈಡಲ್ಲಿ ಇದೇ ಮೂರೂ ಟೆಸ್ಟ್ ಮಾಡಿದ್ರೆ 0.1ರ ಒಳಗೇ.

ಅಂದ್ರೆ ಲ್ಯಾಂಪ್ ಸರಿ ಇದೆ, ಬರೋ ಕರೆಂಟೂ ಸರಿ ಇದೆ, ವಾಪಸ್ ಹೋಗೋ ದಾರಿ ಕಟ್ಟಿದೆ. ಲ್ಯಾಂಪಿನ ನೆಗೆಟಿವ್ ಸೊನ್ನೇಲಿ ಇರೋ ಬದ್ಲು 3.9ಕ್ಕೆ ಎದ್ದು ನಿಂತ್ರೆ ಟೇಲ್ ಲೈಟಿಗೆ ಸಿಗೋದು ಬರೀ 8.5 ವೋಲ್ಟ್. ಬಲ್ಬ್ ಆಗಿದ್ರೆ ಅಷ್ಟಕ್ಕೂ ಸ್ವಲ್ಪ ಕೆಂಪಗೆ ಉರೀತಿತ್ತು. ಎಲ್‌ಇಡಿ ಹಾಗಲ್ಲ, ಕೆಂಪು ಎಲ್‌ಇಡಿ ಒಂದಕ್ಕೆ ಹತ್ತತ್ರ 2 ವೋಲ್ಟ್ ಬೇಕು, ಮೂರು ನಾಲ್ಕು ಸಾಲಾಗಿ ಜೋಡಿಸಿರ್ತಾರೆ, ಆ ಮೊತ್ತದ ಕೆಳಗೆ ಹೋದ್ರೆ ಮಂಕಾಗೋದಲ್ಲ, ಆರೇ ಹೋಗುತ್ತೆ. ರಿವರ್ಸಲ್ಲಿ ಟೇಲ್ ಪೂರ್ತಿ ಆಫ್ ಆಗೋದಕ್ಕೆ ಕಾರಣ ಇದೇ.

ಬ್ರೇಕ್ ತುಳಿದಾಗ ಯಾಕೆ 0.3 ಮಾತ್ರ ಅಂತ ಕೇಳ್ಬಹುದು. ಇಲ್ಲೇ ಈ ಕೇಸಿನ ಗುಟ್ಟಿರೋದು. ತೂಬು ಕಟ್ಟಿದ ಗದ್ದೇಲಿ ನೀರು ಬದು ಹಾರಿ ಪಕ್ಕದ ಗದ್ದೆಗೆ ದಾರಿ ಮಾಡ್ಕೊಳ್ಳೋ ಹಾಗೆ ಕರೆಂಟೂ ಇನ್ನೊಂದು ದಾರಿ ಹುಡ್ಕಿತ್ತು: ಲೆಫ್ಟ್ ರಿವರ್ಸ್ ಬಲ್ಬಿನ ಫಿಲಮೆಂಟಲ್ಲಿ ಉಲ್ಟಾ ಹೋಗಿ, ರಿವರ್ಸ್ ವೈರ್ ಹಿಡ್ಕೊಂಡು, ರೈಟ್ ರಿವರ್ಸ್ ಬಲ್ಬ್ ಮೂಲಕ ರೈಟ್ ಸೈಡಿನ ಒಳ್ಳೆ ಅರ್ತಿಂಗಿಗೆ. 21 ವ್ಯಾಟಿನ ಫಿಲಮೆಂಟ್ ತಣ್ಣಗಿದ್ದಾಗ ಒಂದು ಓಮಿಗಿಂತ ಕಮ್ಮಿ ಇರುತ್ತೆ, ಬಿಸಿಯಾಗಿ ಉರಿಯುವಾಗ ಸುಮಾರು 7 ಓಮ್ ಆಗುತ್ತೆ. ಹಾಗಾಗಿ ಸಣ್ಣ ಕರೆಂಟಿಗೆ ಈ ಅಡ್ಡದಾರಿ ಸಾಕು, ಓಮ್ಸ್ ಟೆಸ್ಟಿಗೂ ಸಾಕು, ಎಲ್‌ಇಡಿ ಬ್ರೇಕಿನ ಚೂರು ಕರೆಂಟಿಗೂ ಸಾಕು. ರೆಸಿಸ್ಟರ್ ತಳ್ಳೋ ದೊಡ್ಡ ಕರೆಂಟ್ ಬಂದಾಗ ಫಿಲಮೆಂಟ್ ಬಿಸಿಯಾಗಿ ಈ ದಾರೀನೂ ಕಿರಿದಾಗಿ ಅಸಲಿ ರೋಗ ಹೊರಗೆ ಬರುತ್ತೆ. ಇದು ನಿಜವಾ ಅಂತ ನೋಡೋಕೆ ಶೆಡ್ಡಿನ ದೀಪ ಆರಿಸಿ ಲೆಫ್ಟ್ ಇಂಡಿಕೇಟರ್ ಹಾಕಿದ್ವಿ, ಎರಡೂ ರಿವರ್ಸ್ ಬಲ್ಬಿನ ಫಿಲಮೆಂಟು ಇಂಡಿಕೇಟರ್ ತಾಳಕ್ಕೇ ಕೆಂಡದ ಬಣ್ಣಕ್ಕೆ ಬರ್ತಾ ಇತ್ತು, ರಿವರ್ಸ್ ಗೇರ್ ಹಾಕದೇನೇ. ಆಮೇಲೆ ಲೆಫ್ಟ್ ರಿವರ್ಸ್ ಬಲ್ಬ್ ಬಿಚ್ಚಿ ಮತ್ತೆ ಓಮ್ಸ್ ನೋಡಿದ್ರೆ 5ರ ಹತ್ರ. ಮೀಟರ್ ಸುಳ್ಳು ಹೇಳಿರ್ಲಿಲ್ಲ, ಕೇಳಿದ ರೀತಿ ಬೇರೆ ಇತ್ತು.

ಅರ್ತಿಂಗ್ ಪಾಯಿಂಟ್ ಲೆಫ್ಟ್ ಟ್ರಿಮ್ ಹಿಂದೆ ಕೆಳಗಡೆ, 10 ಎಂಎಂ ಸ್ಪ್ಯಾನರಿನ ಬೋಲ್ಟು. ಬಿಚ್ಚಿದ್ರೆ ವೈರಿನ ತುದೀಲಿ ಬೋಲ್ಟಿಗೆ ಕೂರೋ ತಾಮ್ರದ ಲಗ್ ಪೂರ್ತಿ ಹಸಿರು ಕಿಲುಬು, ಬಾಡಿ ಕಡೆ ತುಕ್ಕು, ವೈರಿನ ಎಳೆಗಳೂ ಸಿಪ್ಪೆ ಒಳಗಡೆ ಒಂದಿಷ್ಟು ದೂರ ಕಪ್ಪು. ಹಳೇ ಲ್ಯಾಂಪ್ ಇದ್ದಾಗ ಇಷ್ಟು ವರ್ಷ ಆಗದ್ದು ಒಂದೇ ಮಳೆಗೆ ಹೆಂಗಾಯ್ತು? ರೆಸಿಸ್ಟರಿನ ವೈರು ಒಳಗೆ ತರೋಕೆ ಬೇರೆ ದಾರಿ ಸಿಗದೆ ಲ್ಯಾಂಪಿನ ರಬ್ಬರ್ ಗ್ಯಾಸ್ಕೆಟ್ ಅಡಿಯಿಂದ್ಲೇ ಎಳ್ದಿದ್ರು. ವೈರಿನ ದಪ್ಪದಷ್ಟು ಗ್ಯಾಸ್ಕೆಟ್ ಎದ್ದಿತ್ತು. ಮಳೆ ನೀರು ಆ ಸಂದಿಂದ ಒಳಗೆ, ವೈರ್ ಹಿಡ್ಕೊಂಡೇ ಇಳಿದು ಸೀದಾ ಅರ್ತಿಂಗ್ ಬೋಲ್ಟಿನ ಮೇಲೆ. ರೈಟ್ ಸೈಡಲ್ಲಿ ವೈರ್ ಬೇರೆ ತೂತಿಂದ ಬಂದಿತ್ತು, ಅಲ್ಲಿ ಒಣಗೇ ಇತ್ತು. ಗಾಡಿ ನಿಲ್ಸೋದು ಬೈತಖೋಲ್ ಕಡೆ, ಸಮುದ್ರದ ಗಾಳಿ ನೇರ ಹೊಡಿಯೋ ಜಾಗ, ಮಳೆಗಾಲ ಅಲ್ದಿದ್ದಾಗ ಮೈಮೇಲೆ ಕೂತ ಉಪ್ಪು ಮೊದಲ ಮಳೆಲಿ ಕರಗಿ ಒಳಗೆ ಹೋಗುತ್ತೆ. ಬರೀ ನೀರಿಗಿಂತ ಉಪ್ಪುನೀರು ತಾಮ್ರಾನೂ ಕಬ್ಬಿಣಾನೂ ಬೇಗ ತಿನ್ನುತ್ತೆ, ಅದೂ ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ ನಿಂತ ಜಾಗದಲ್ಲಿ. ಸಿರ್ಸಿ ಕಡೆ ಗಾಡಿಗಳಲ್ಲಿ ಮಳೆ ಏನು ಕಮ್ಮಿ ಇಲ್ಲ, ಆದ್ರೆ ಅಲ್ಲಿ ಉಪ್ಪಿಲ್ಲ, ಇಷ್ಟು ಬೇಗ ಈ ಗತಿ ಆಗಿದ್ದು ನಾನು ನೋಡಿದ್ದು ಕರಾವಳಿ ಗಾಡಿಗಳಲ್ಲೇ ಜಾಸ್ತಿ.

ಇನ್ನು ಆ ಬ್ರೇಕ್ ಲೈಟಿನ ದೆವ್ವದ ಬೆಳಕು. ಅರ್ತಿಂಗಿಗೆ ತಾತ್ಕಾಲಿಕ ಜಂಪರ್ ವೈರ್ ಕೊಟ್ಟಾಗ ಮೊದ್ಲೆರಡು ತೊಂದ್ರೆ ಹೋಯ್ತು, ಇದು ಹೋಗ್ಲಿಲ್ಲ. ಹಾಗಾದ್ರೆ ಕಾರಣ ಬೇರೆ. ಪಾರ್ಕಿಂಗ್ ಆನ್, ಬ್ರೇಕ್ ಪೆಡಲ್ ಮುಟ್ಟಿಲ್ಲ, ಬ್ರೇಕ್ ವೈರಲ್ಲಿ ಮೀಟರ್ 7 ವೋಲ್ಟ್ ಚಿಲ್ಲರೆ ತೋರಿಸ್ತಿತ್ತು. ಇದನ್ನ ನೋಡಿ ಯಾರಿಗಾದ್ರೂ ಸ್ವಿಚ್ಚೇ ಅನ್ಸುತ್ತೆ. ನಾನು ಹಳೇ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ತುದಿಗೆ ಕ್ಲಿಪ್ ಇಟ್ಕೊಂಡಿದೀನಿ, ಅದನ್ನ ಬ್ರೇಕ್ ವೈರಿಗೂ ಬಾಡಿಗೂ ಕಚ್ಚಿಸ್ದೆ. ಸ್ವಿಚ್ ಅಂಟ್ಕೊಂಡು ಪೂರ್ತಿ ಸಪ್ಲೈ ಬರ್ತಿದ್ರೆ ಆ ಬಲ್ಬ್ ಧಗ್ ಅಂತ ಉರೀಬೇಕು. ಉರೀಲಿಲ್ಲ, ಬದಲಿಗೆ 7 ವೋಲ್ಟ್ ಸೊನ್ನೆ ಹತ್ರ ಕುಸಿದು ಮೂರೂ ಕಡೆ ಆ ಸಣ್ಣ ಬೆಳಕು ಮಾಯ ಆಯ್ತು. ಅಂದ್ರೆ ಎಲ್ಲಿಂದ್ಲೋ ಕೆಲವೇ ಮಿಲಿಆಂಪ್ ಸೋರಿ ಬರ್ತಿದೆ.

ಸೋರೋ ಜಾಗ ಹುಡುಕೋದು ಸುಲಭ, ಒಂದೊಂದೇ ಸಾಕೆಟ್ ಬಿಚ್ತಾ ಹೋಗೋದು. ಲೆಫ್ಟ್ ಲ್ಯಾಂಪ್ ಜೊತೆ ಒಂದು ಗಿಡ್ಡ ಅಡಾಪ್ಟರ್ ವೈರ್ ಬಂದಿತ್ತು, ಒಂದು ಕಡೆ ಗಾಡಿಯ ಕಂಪನಿ ಸಾಕೆಟ್ಟು, ಇನ್ನೊಂದು ಕಡೆ ಹೊಸ ಲ್ಯಾಂಪ್. ಅದನ್ನ ಗಾಡಿ ಕಡೆಯಿಂದ ಬಿಚ್ಚಿದ ತಕ್ಷಣ ಉಳಿದ ಎರಡೂ ಬ್ರೇಕ್ ಲೈಟ್ ಶಾಂತ. ಕಂಪನಿ ಸಾಕೆಟ್ಟಿಗೆ ಒಳಗೆ ರಬ್ಬರ್ ಸೀಲ್ ಇತ್ತು, ಒಣಗಿತ್ತು. ಅಡಾಪ್ಟರಿಗೆ ಸೀಲೇ ಇಲ್ಲ, ಪಿನ್ನುಗಳ ಮಧ್ಯೆ ಬಿಳಿ ಹಸಿರು ಪದರ, ಒದ್ದೆ. ಅಕ್ಕಪಕ್ಕ ಇರೋ ಪಾರ್ಕಿಂಗ್ ಪಿನ್ನು, ಬ್ರೇಕ್ ಪಿನ್ನು, ನಡುವೆ ಉಪ್ಪುನೀರಿನ ಸೇತುವೆ, ಪಾರ್ಕಿಂಗ್ ಆನ್ ಮಾಡಿದ್ರೆ ಅದ್ರ ಮೇಲೆ ಒಂದಿಷ್ಟು ಕರೆಂಟ್ ಬ್ರೇಕ್ ವೈರಿಗೆ ದಾಟ್ತಿತ್ತು.

ಈ ಸೋರಿಕೆ ಬಲ್ಬಿನ ಕಾಲದಲ್ಲೂ ಆಗಿರ್ಬಹುದು, ಆಗ್ತಿರುತ್ತೆ, ಆದ್ರೆ ಕಾಣಲ್ಲ. ಬ್ರೇಕ್ ವೈರಿನ ತುದೀಲಿ ಎರಡು ತಣ್ಣಗಿನ ಫಿಲಮೆಂಟ್ ಇದ್ರೆ ಅವು ಆ ವೈರನ್ನ ಹೆಚ್ಚುಕಮ್ಮಿ ಬಾಡಿಗೆ ಕಟ್ಟಿ ಹಾಕಿದ ಹಾಗೇ, ಸೋರಿ ಬಂದ ಮಿಲಿಆಂಪ್ ಅಲ್ಲೇ ಇಂಗಿ ಹೋಗುತ್ತೆ, ವೋಲ್ಟೇಜ್ ಏಳೋದೇ ಇಲ್ಲ. ಮೂರೂ ಎಲ್‌ಇಡಿ ಆದ್ಮೇಲೆ ಆ ವೈರನ್ನ ಕೆಳಗೆ ಎಳಿಯೋರು ಯಾರೂ ಇಲ್ಲ, ಚೂರು ಸೋರಿಕೆಗೂ ಏಳು ವೋಲ್ಟಿಗೆ ಏರುತ್ತೆ, ಒಂದೆರಡು ಮಿಲಿಆಂಪಿಗೇ ಎಲ್‌ಇಡಿ ಕಣ್ಣಿಗೆ ಕಾಣೋವಷ್ಟು ಬೆಳಗುತ್ತೆ. ಹಿಂದಿನವ್ರಿಗೆ ಇದರಿಂದ ಏನು ತೊಂದ್ರೆ ಅಂದ್ರೆ, ಬ್ರೇಕ್ ಯಾವಾಗ್ಲೂ ಅರ್ಧ ಉರಿದ ಹಾಗೆ ಕಂಡ್ರೆ ನಿಜವಾಗಿ ಬ್ರೇಕ್ ಹಾಕಿದಾಗ ಬದಲಾವಣೆ ತಟ್ಟನೆ ಕಣ್ಣಿಗೆ ಹೊಡಿಯಲ್ಲ. ಘಟ್ಟದ ತಿರುವಲ್ಲಿ ಅದು ಸಣ್ಣ ವಿಷಯ ಅಲ್ಲ.

ಓನರ್ ಇಷ್ಟೆಲ್ಲ ಕೇಳಿ ಬೇಸತ್ತು ಹಳೇ ಲ್ಯಾಂಪೇ ಹಾಕ್ಬಿಡಿ ಅಂದ್ರು. ನಾನು ಬೇಡ ಅಂದೆ. ಬಲ್ಬಿನ ಫಿಲಮೆಂಟ್ ಕಾದು ಪೂರ್ತಿ ಬೆಳಕು ಕೊಡೋಕೆ ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿ ತಕ್ಷಣ ಬೆಳಗುತ್ತೆ. 60 ಕಿಲೋಮೀಟರ್ ಸ್ಪೀಡಲ್ಲಿ ಹಿಂದೆ ಬರೋ ಗಾಡಿ ಅಷ್ಟರಲ್ಲಿ ಮೂರು ಮೀಟರ್ ಮುಂದೆ ಬಂದಿರುತ್ತೆ. ಆ ಮೂರು ಮೀಟರ್ ಬೇಕಾದದ್ದೇ. ಮತ್ತೆ ಆ ಅರ್ತಿಂಗ್ ಹಾಗೇ ಬಿಟ್ಟು ಹಳೇ ಲ್ಯಾಂಪ್ ಹಾಕಿದ್ರೆ ರೋಗ ಇನ್ನೂ ಜೋರಾಗಿ ಕಾಣ್ತಿತ್ತು, ಯಾಕಂದ್ರೆ ಬಲ್ಬು ಎಳಿಯೋ ಕರೆಂಟ್ ಜಾಸ್ತಿ.

ಮಾಡಿದ ರಿಪೇರಿ ಹೇಳ್ತೀನಿ. ರೆಸಿಸ್ಟರ್ ಎರಡೂ ಕಿತ್ತು ಹಾಕಿದ್ವಿ, ಬದ್ಲು ಎಲ್‌ಇಡಿಗೆ ಅಂತ್ಲೇ ಬರೋ ಎಲೆಕ್ಟ್ರಾನಿಕ್ ಫ್ಲಾಶರ್ ರಿಲೇ, ಅದು ಕರೆಂಟ್ ನೋಡಲ್ಲ, ತನ್ನ ಪಾಡಿಗೆ ಒಂದೇ ವೇಗದಲ್ಲಿ ಮಿನುಗ್ಸುತ್ತೆ. ಇದಕ್ಕೆ ಮೂರು ಪಿನ್ ಬೇಕು, ಸಪ್ಲೈ, ಲೋಡ್, ಅರ್ತಿಂಗ್. ಜಪಾನ್ ಪದ್ಧತಿ ರಿಲೇ ಮೇಲೆ ಬಿ, ಎಲ್, ಇ ಅಂತ ಇರುತ್ತೆ, ಯುರೋಪ್ ಪದ್ಧತೀಲಿ 49, 49ಎ, 31 ಅಂತ. ಪಿನ್ನಿನ ಜಾಗ ಅದಲು ಬದಲು ಇರುತ್ತೆ, ಸಾಕೆಟ್ಟಿಗೆ ಕೂತ್ಕೊಳ್ತು ಅಂತ ಸುಮ್ನೆ ಒತ್ತಬೇಡಿ, ಮೀಟರಲ್ಲಿ ಯಾವುದು ಯಾವುದು ಅಂತ ನೋಡಿನೇ ಹಾಕಿ. ಇದರಲ್ಲಿ ಒಂದು ಕಳ್ಕೊಳ್ಳೋದೂ ಇದೆ: ಮುಂದಿನ ಬಲ್ಬ್ ಹೋದ್ರೂ ಇನ್ಮುಂದೆ ಜೋರು ಮಿನುಗಿ ಹೇಳಲ್ಲ, ಆಗಾಗ ಇಳಿದು ನೋಡ್ಬೇಕು.

ಅರ್ತಿಂಗ್ ವೈರ್ ಕಪ್ಪಾದ ಭಾಗ ಪೂರ್ತಿ ಕತ್ತರಿಸಿ ತಾಮ್ರ ಕೆಂಪಗೆ ಹೊಳೆಯೋ ಕಡೆಯಿಂದ ತವರ ಲೇಪನದ ಹೊಸ ಲಗ್, ಬಾಡಿ ಜಾಗ ಬರೀ ಲೋಹ ಕಾಣೋವರ್ಗೂ ತಿಕ್ಕಿ, ಹಲ್ಲಿನ ವಾಷರ್ ಇಟ್ಟು ಟೈಟ್ ಮಾಡಿ, ಆಮೇಲೆ ಮೇಲಿಂದ ಗ್ರೀಸ್. ಅದ್ರ ಜೊತೆ ಒಂದೂವರೆ ಸ್ಕ್ವೇರ್ ಎಂಎಂ ವೈರ್ ಒಂದನ್ನ ಲೆಫ್ಟ್ ಅರ್ತಿಂಗಿಂದ ರೈಟ್ ಅರ್ತಿಂಗಿಗೆ ಎಳ್ದು ಬಿಟ್ವಿ, ಒಂದು ಕೆಟ್ರೂ ಇನ್ನೊಂದು ಇರುತ್ತೆ.

ಅಡಾಪ್ಟರ್ ಎರಡೂ ಕಡೇದು ಎಸೆದು ವೈರ್ ನೇರ ಬೆಸುಗೆ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಟ್ಯೂಬ್. ವೈರ್ ಕತ್ತರಿಸದೆ ಕಚ್ಚಿ ಹಿಡಿಯೋ ನೀಲಿ ಕೆಂಪು ಪ್ಲಾಸ್ಟಿಕ್ ಕ್ಲಿಪ್ ಕರಾವಳೀಲಿ ಬೇಡವೇ ಬೇಡ, ಅದು ಸಿಪ್ಪೆ ಸೀಳಿ ನೀರಿಗೆ ಬಾಗಿಲು ತೆಗೆದು ಕೊಡುತ್ತೆ. ಕಂಪನಿ ಸಾಕೆಟ್ಟಿಗೆ ಹೊರಗಡೆ ಅಂಟಿದ್ದ ಉಪ್ಪು ತೊಳಿಯೋಕೆ ಮೊದ್ಲು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು, ಮೆತ್ತನೆ ಬ್ರಷ್. ಬಹಳ ಜನ ನೇರ ಕಾಂಟ್ಯಾಕ್ಟ್ ಕ್ಲೀನರ್ ಹೊಡೀತಾರೆ, ಅದರಲ್ಲಿ ಜಿಡ್ಡು ಹೋಗುತ್ತೆ, ಉಪ್ಪು ಕರಗಲ್ಲ, ಉಪ್ಪು ಕರಗೋದು ನೀರಲ್ಲೇ. ತೊಳ್ದು, ಪೂರ್ತಿ ಒಣಗಿಸಿ, ಆಮೇಲೆ ಕ್ಲೀನರ್, ಕೊನೆಗೆ ಸಿಲಿಕಾನ್ ಗ್ರೀಸ್. ಈ ಕೆಲ್ಸ ಎಲ್ಲಾ ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟೇ ಮಾಡಿದ್ದು.

ಗ್ಯಾಸ್ಕೆಟ್ ಸುತ್ತ ಬ್ಯುಟೈಲ್ ಟೇಪ್ ಹಾಕಿ ಲ್ಯಾಂಪ್ ಕೂರಿಸಿ, ಒಳಗಡೆ ಟಿಶ್ಯೂ ಪೇಪರ್ ಇಟ್ಟು, ಪೈಪಲ್ಲಿ ಹಿಂದಿನಿಂದ ಚೆನ್ನಾಗಿ ನೀರು ಬಿಟ್ವಿ. ಪೇಪರ್ ಒಣಗೇ ಬಂತು. ವೈರನ್ನ ಸಾಕೆಟ್ಟಿಗಿಂತ ಕೆಳಗೆ ಇಳಿಸಿ ಮತ್ತೆ ಮೇಲೆ ತಂದಿದೀವಿ, ಹಾಗಾಗಿ ಯಾವತ್ತಾದ್ರೂ ನೀರು ಬಂದ್ರೂ ತಗ್ಗಲ್ಲಿ ತೊಟ್ಟಿಕ್ಕುತ್ತೆ, ಪಿನ್ನಿಗೆ ಹೋಗಲ್ಲ.

ಮತ್ತೆ ಅದೇ ಟೆಸ್ಟ್. ಲೆಫ್ಟ್ ಅರ್ತಿಂಗ್ ರಿವರ್ಸ್ ಗೇರಲ್ಲಿ 0.06, ಇಂಡಿಕೇಟರಲ್ಲಿ ಅದಕ್ಕಿಂತ ಕಮ್ಮಿ. ಪಾರ್ಕಿಂಗ್ ಆನ್ ಇಟ್ಟಾಗ ಬ್ರೇಕ್ ವೈರಲ್ಲಿ ಸೊನ್ನೆ. ಕತ್ತಲೇಲಿ ರಿವರ್ಸ್ ಬಲ್ಬೂ ಕೆಂಪಾಗ್ಲಿಲ್ಲ. ಮಳೆಗಾಲ ಮುಗಿದ್ಮೇಲೆ ಗಾಡಿ ತರಿಸಿ ನೋಡಿದಾಗ 0.08 ಇತ್ತು, ಲಗ್ ಮೇಲೆ ಗ್ರೀಸ್ ಹಾಗೇ ಇತ್ತು.

ಇನ್ನೊಂದು ವಿಷಯ ಕೆಲಸ ಮಾಡುವಾಗ ಕಂಡಿದ್ದು, ಈ ಹೊಸ ಲ್ಯಾಂಪಲ್ಲಿ ಕೆಂಪು ರಿಫ್ಲೆಕ್ಟರ್ ಭಾಗ ಇರ್ಲಿಲ್ಲ, ಹಳೇದರಲ್ಲಿ ಇತ್ತು. ಘಟ್ಟದಲ್ಲಿ ಬ್ಯಾಟರಿ ಹೋಗಿ ಗಾಡಿ ನಿಂತ್ರೆ ಹಿಂದಿನವ್ರ ಹೆಡ್‌ಲೈಟಿಗೆ ತಿರುಗಿ ಹೊಳಿಯೋದು ಅದೊಂದೇ. ಬಂಪರಿನ ಎರಡೂ ತುದಿಗೆ ಒಳ್ಳೆ ಕೆಂಪು ರಿಫ್ಲೆಕ್ಟರ್ ಹಾಕಿಸ್ದೆ, ದುಡ್ಡೂ ಹೆಚ್ಚಿಲ್ಲ.

ಈ ರಿಲೇ ಬದಲಾಯ್ಸೋ ವಿಧಾನ ಫ್ಲಾಶರ್ ರಿಲೇ ಪ್ರತ್ಯೇಕವಾಗಿ ಇರೋ ಹಳೇ ಗಾಡಿಗಳಿಗೆ ಮಾತ್ರ. ಈಗಿನ ಗಾಡಿಗಳಲ್ಲಿ ಇಂಡಿಕೇಟರ್ ಮಿನುಗ್ಸೋದು ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನೋ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅದರಲ್ಲಿ ಕಿತ್ತು ಹಾಕೋಕೆ ರಿಲೇ ಇರಲ್ಲ, ಕೆಲವು ಗಾಡಿಗಳು ಬಲ್ಬ್ ಇದೆಯಾ ನೋಡೋಕೆ ಸಣ್ಣ ಸಣ್ಣ ಪಲ್ಸ್ ಬೇರೆ ಕಳಿಸ್ತಾವೆ, ಎಲ್‌ಇಡಿ ಅದಕ್ಕೇ ಪಟಪಟ ಅನ್ನುತ್ತೆ. ಅಂಥದಕ್ಕೆ ಆ ಗಾಡಿಗೇ ಮಾಡಿದ ಲ್ಯಾಂಪ್ ತಗೊಳ್ಳಿ, ಇಲ್ಲ ಸ್ಕ್ಯಾನರ್ ಇರೋರ ಹತ್ರ ಸೆಟ್ಟಿಂಗ್ ಬದಲಾಯ್ಸೋಕೆ ಆಗುತ್ತಾ ಕೇಳಿ. ಅರ್ತಿಂಗನ್ನ ಲೋಡ್ ಕೊಟ್ಟು ವೋಲ್ಟಲ್ಲಿ ಅಳೆಯೋದು ಮಾತ್ರ ಹಳೇದಕ್ಕೂ ಹೊಸದಕ್ಕೂ ಒಂದೇ, ಅದಕ್ಕೆ ಬೇಕಾಗಿರೋದು ಒಂದು ಸಾದಾ ಮೀಟರು, ಉದ್ದ ವೈರು, ಹಳೇ 21 ವ್ಯಾಟ್ ಬಲ್ಬು.